ನ್ಯಾಯಯುತ ಮೌಲ್ಯ

ನ್ಯಾಯಬೆಲೆ ಅಂಗಡಿ ಎಂದರೆ ನಮಗೆ ಅಕ್ಕಿ, ರೇಷನ್ ಕಾರ್ಡು, ಸಾಲು. ಅಲ್ಲಿ ಬೆಲೆ ಗೊತ್ತು ಮಾಡುವುದು ಸರ್ಕಾರ. ಬ್ಯಾಂಕಿನ ವಾರ್ಷಿಕ ವರದಿಯ ‘ನ್ಯಾಯಯುತ ಮೌಲ್ಯ’ದ್ದು ಬೇರೆಯೇ ನ್ಯಾಯ: ಇವತ್ತು ಮಾರಿದರೆ ಎಷ್ಟು ಸಿಕ್ಕೀತು?

‘ಬೆಲೆ’ ನಮ್ಮದೇ ಪದ. ತಮಿಳಿನ ‘ವಿಲೈ’ ಇದರ ಸೋದರಿ, ಅಲ್ಲಿ ‘ವಿಲ್’ ಎಂದರೆ ಮಾರು. ‘ಮೌಲ್ಯ’ ಸಂಸ್ಕೃತದ್ದು, ‘ಮೂಲ’ದಿಂದ ಹುಟ್ಟಿದ್ದು. ಇವತ್ತು ಮಾರಿದರೆ ಸಿಗುವಷ್ಟು ಎಂಬ ಅರ್ಥಕ್ಕೆ ‘ಮಾರುಬೆಲೆ’ಯೇ ಸಾಕಿತ್ತು ಅನ್ನಿಸುತ್ತದೆ. ‘ನ್ಯಾಯ’ ಸೇರಿ ಕೋರ್ಟಿನ ಗಾಂಭೀರ್ಯ ಬಂದುಬಿಟ್ಟಿದೆ.

ನ್ಯಾಯಯುತ ಮೌಲ್ಯದ ದಾಯಾದಿ ‘ಮುಖಬೆಲೆ’. ಮೈಸೂರಿನ ನೋಟು ಮುದ್ರಣಾಲಯದಲ್ಲಿ ಅಚ್ಚಾಗುವುದು ಅದೇ. ನೂರರ ನೋಟು ನೂರೇ. ಆದರೆ ನೂರು ರೂಪಾಯಿ ಮುಖಬೆಲೆಯ ಸರ್ಕಾರಿ ಬಾಂಡು, ಬಡ್ಡಿದರ ಏರಿದರೆ, ತೊಂಬತ್ತಾರಕ್ಕೂ ಇಳಿದೀತು.

2024ರ ಏಪ್ರಿಲ್ 1ರಿಂದ ಜಾರಿಯಾದ ರಿಸರ್ವ್ ಬ್ಯಾಂಕ್ ನಿಯಮದಂತೆ ಬ್ಯಾಂಕುಗಳು ಹೂಡಿಕೆಗಳ ನ್ಯಾಯಯುತ ಮೌಲ್ಯವನ್ನು ಮೂರು ಹಂತಗಳಲ್ಲಿ ತೋರಿಸಬೇಕು. ಮೊದಲನೆಯದು ಮೈಸೂರಿನ ದೇವರಾಜ ಮಾರುಕಟ್ಟೆಯ ಮಲ್ಲಿಗೆಯಂತೆ: ಎಲ್ಲರೆದುರು ಕೂಗಿದ ದರ. ಎರಡನೆಯದು ಅಂಥದೇ ಇನ್ನೊಂದು ಸರಕಿನ ದರ ನೋಡಿ ಹೇಳುವುದು. ಪಕ್ಕದ ಸೈಟು ಹೋದ ರೇಟಿನಿಂದ ನಮ್ಮ ಸೈಟಿಗೆ ಬೆಲೆ ಕಟ್ಟುತ್ತೇವಲ್ಲ, ಹಾಗೆ. ಮೂರನೆಯದರಲ್ಲಿ ಪೇಟೆಯೇ ಇಲ್ಲ. ಸೂತ್ರ, ಊಹೆ, ಅಜ್ಜಿಯ ಹಳೇ ಪದಕಕ್ಕೆ ಮನೆಯವರೇ ಹೇಳುವ ಬೆಲೆ. ಈ ಮೂರನೆಯ ಹಂತದ ಬೆಲೆ ಏರಿ ಲೆಕ್ಕದಲ್ಲಷ್ಟೇ ಕಂಡ, ಕೈಗೆ ಬಾರದ ಲಾಭದಿಂದ ಷೇರುದಾರರಿಗೆ ಲಾಭಾಂಶ ಹಂಚುವಂತಿಲ್ಲ.

ಒಮ್ಮೆ ಬ್ಯಾಂಕಿಗೇ ಬೆಲೆ ಕಟ್ಟಬೇಕಾಯಿತು: 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾದಾಗ ಅದರ ಹತ್ತು ಷೇರಿಗೆ ಸಿಕ್ಕಿದ್ದು ಸ್ಟೇಟ್ ಬ್ಯಾಂಕಿನ 22 ಷೇರು. ಎರಡೂ ಕಡೆಯ ಮೌಲ್ಯ ತೂಗಿ ಗೊತ್ತು ಮಾಡಿದ ಲೆಕ್ಕವದು.