ಲಕ್ಷ ಯೂರೋ ತೆತ್ತು ಬಿಡಿಸಿಕೊಂಡ ತಂತ್ರಾಂಶ

ಬ್ಲೆಂಡರ್ ಎಂದರೆ ನಮ್ಮ ಮನೆಗಳಲ್ಲಿ ಹಣ್ಣಿನ ರಸ ತೆಗೆಯುವ ಯಂತ್ರ. ಕೆಲವು ತಿಂಗಳ ಹಿಂದೆ ನನ್ನ ವಿದ್ಯಾರ್ಥಿಯೊಬ್ಬನು ಆ ಹೆಸರನ್ನು ಉಚ್ಚರಿಸಿದಾಗ ನನ್ನ ಮನಸ್ಸಿಗೆ ಬಂದದ್ದೂ ಅದೇ. ಅವನು ಹೇಳುತ್ತಿದ್ದುದು 'ಫ್ಲೋ' ಎಂಬ ಚಲನಚಿತ್ರದ ಮಾತು. ಲಾಟ್ವಿಯಾದ ಗಿಂಟ್ಸ್ ಜಿಲ್ಬಲೋಡಿಸ್ ಎಂಬವರು 2024ರಲ್ಲಿ ಹೊರತಂದ ಈ ಚಿತ್ರದಲ್ಲಿ ಒಂದು ಕರಿಯ ಬೆಕ್ಕು ಮಹಾಪ್ರವಾಹದಲ್ಲಿ ದೋಣಿಯನ್ನೇರಿ ಹೋಗುತ್ತದೆ. ಮೊದಲಿನಿಂದ ಕೊನೆಯವರೆಗೆ ಒಂದು ಮಾತೂ ಇಲ್ಲ. 2025ರ ಮಾರ್ಚಿಯಲ್ಲಿ ಇದಕ್ಕೆ ಶ್ರೇಷ್ಠ ಅನಿಮೇಷನ್ ಚಿತ್ರವೆಂದು ಆಸ್ಕರ್ ಪ್ರಶಸ್ತಿ ಬಂದಿತು. ಅದರ ನೀರು, ನೆರಳು, ಬೆಕ್ಕಿನ ನಡಿಗೆ ಎಲ್ಲವೂ ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ರೂಪುಗೊಂಡವು. "ಅದರ ಬೆಲೆಯೆಷ್ಟಪ್ಪ?" ಎಂದು ಕೇಳಿದೆ. "ಬೆಲೆಯೇ ಇಲ್ಲ ಸರ್" ಎಂದ.

ಆ ಉತ್ತರ ಇಂದಿನ ಮಟ್ಟಿಗೆ ಸರಿ. ಆದರೆ ಒಂದು ಕಾಲದಲ್ಲಿ ಅದಕ್ಕೆ ಬೆಲೆಯಿತ್ತು, ಮತ್ತು ಅದನ್ನು ಸಾವಿರಾರು ಅಪರಿಚಿತರು ಸೇರಿ ತೆತ್ತರು. ಆ ಕಥೆಯನ್ನು ತಿಳಿದುಕೊಂಡ ಮೇಲೆ ಹೇಳದೆ ಇರಲಾರೆ.

ನೆದರ್‌ಲೆಂಡ್ಸ್ ದೇಶದಲ್ಲಿ ಟಾನ್ ರೋಸೆಂಡಾಲ್ ಎಂಬವರು ನಿಯೋಜಿಯೋ ಎಂಬ ಅನಿಮೇಷನ್ ಸಂಸ್ಥೆಯ ಪಾಲುದಾರರಾಗಿದ್ದರು. ಸಂಸ್ಥೆಯ ಸ್ವಂತ ಬಳಕೆಗೆಂದು ಅವರು ಬರೆಯತೊಡಗಿದ ಉಪಕರಣವೇ ಬ್ಲೆಂಡರ್. ಅದರ ಅತ್ಯಂತ ಹಳೆಯ ಕಡತಗಳ ಮೇಲಿರುವ ತಾರೀಖು 1994ರ ಜನವರಿ 2. ಹೆಸರು ಬಂದದ್ದು ಅಡುಗೆಮನೆಯಿಂದಲ್ಲ, ಸ್ವಿಟ್ಜರ್ಲೆಂಡಿನ ಯೆಲ್ಲೊ ತಂಡದ ಒಂದು ಹಾಡಿನಿಂದ. 1998ರಲ್ಲಿ ಅದನ್ನು ಅಂತರಜಾಲದಲ್ಲಿ ಪುಕ್ಕಟೆಯಾಗಿ ಹಂಚಲಾಯಿತು. ಮೊದಲು ಸಿಲಿಕಾನ್ ಗ್ರಾಫಿಕ್ಸ್ ಸಂಸ್ಥೆಯ ದುಬಾರಿ ಯಂತ್ರಗಳಿಗೆ, ಸ್ವಲ್ಪದರಲ್ಲಿಯೇ ಸಾಮಾನ್ಯನ ಮೇಜಿನ ಮೇಲಿರುವ ಲಿನಕ್ಸ್ ಗಣಕಕ್ಕೆ. ಮೂರು ಆಯಾಮದ ಚಿತ್ರಕಲೆ ಸಿರಿವಂತ ಸ್ಟುಡಿಯೋಗಳ ಸೊತ್ತಾಗಿದ್ದ ಆ ದಿನಗಳಲ್ಲಿ ಇದೇನೂ ಸಣ್ಣ ಸಂಗತಿಯಲ್ಲ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಪುಕ್ಕಟೆ ಎಂಬುದು ಬೇರೆ, ಬಿಡುಗಡೆ ಎಂಬುದು ಬೇರೆ. ಮನುಷ್ಯರು ಓದಿ ತಿದ್ದಬಹುದಾದ ರೂಪದಲ್ಲಿ ತಂತ್ರಾಂಶವನ್ನು ಬರೆದಿಟ್ಟಿರುವುದಕ್ಕೆ ಸೋರ್ಸ್ ಕೋಡ್ ಎಂದು ಹೆಸರು. ಗ್ರಂಥಸಂಪಾದನೆಯ ಅಭ್ಯಾಸದಿಂದ ನಾನು ಅದನ್ನು ಮೂಲಪಾಠವೆನ್ನುತ್ತೇನೆ. ಬ್ಲೆಂಡರನ್ನು ಯಾರು ಬೇಕಾದರೂ ಬಳಸಬಹುದಾಗಿತ್ತು. ಅದರ ಮೂಲಪಾಠ ಮಾತ್ರ ಕಂಪನಿಯ ಪೆಟ್ಟಿಗೆಯಲ್ಲಿ ಭದ್ರವಾಗಿತ್ತು. ಆ ಕಂಪನಿಯ ಹೆಸರು ನಾಟ್ ಎ ನಂಬರ್. ತಂತ್ರಾಂಶವನ್ನು ಹಂಚಿ, ಅದರ ಸುತ್ತಲಿನ ಸೇವೆಗಳಿಂದ ಸಂಪಾದಿಸುವುದು ಅದರ ಉದ್ದೇಶ. 2000ದಲ್ಲಿ ಬಂಡವಾಳಗಾರರು ಸುಮಾರು 45 ಲಕ್ಷ ಯೂರೋ ತೊಡಗಿಸಿದರು. ಆ ವರ್ಷದ ಕೊನೆಗೆ ನೋಂದಾಯಿತ ಬಳಕೆದಾರರೇ ಎರಡೂವರೆ ಲಕ್ಷವನ್ನು ದಾಟಿದ್ದರು. ಜನ ಬಂದರು, ಹಣ ಬರಲಿಲ್ಲ. ಮಾರಾಟಕ್ಕಿಟ್ಟ ಹೊಸ ಸರಕು ಬಿಕರಿಯಾಗಲಿಲ್ಲ. 2002ರ ಆರಂಭದಲ್ಲಿ ಬಂಡವಾಳಗಾರರು ಅಂಗಡಿಯ ಬಾಗಿಲೆಳೆದರು. ತಾನು ಬರೆದ ಕೃತಿಯನ್ನು ತಿದ್ದುವ ಅಧಿಕಾರ ಅದನ್ನು ಬರೆದಾತನಿಗೇ ಇಲ್ಲವಾಯಿತು.

ಅದೇ ವರ್ಷದ ಜನವರಿಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಬಾಗಿಲು ಮುಚ್ಚಿತ್ತು. ಸ್ಕಾಟ್ ಡ್ರೇಕರ್ ಎಂಬವರು 1998ರಲ್ಲಿ ಸ್ಥಾಪಿಸಿದ ಲೋಕಿ ಸಾಫ್ಟ್‌ವೇರ್, ವಿಂಡೋಸ್ ಗಣಕಗಳಿಗಾಗಿ ರಚಿತವಾದ ಆಟಗಳನ್ನು ಲಿನಕ್ಸಿಗೆ ಅಳವಡಿಸಿ ಮಾರುತ್ತಿತ್ತು. ಅದರ ಮೊದಲ ಆಟ 'ಸಿವಿಲೈಸೇಷನ್: ಕಾಲ್ ಟು ಪವರ್' 1999ರಲ್ಲಿ ಬಂದಿತು. ಕೆಲಸ ಅಚ್ಚುಕಟ್ಟಾದದ್ದೇ, ಕೊಳ್ಳುವವರು ಸಾಲಲಿಲ್ಲ. ಪರರ ಆಟಗಳ ಮೂಲಪಾಠ ಲೋಕಿಯದಲ್ಲವಾದ್ದರಿಂದ ಕಂಪನಿಯೊಡನೆ ಆ ಅಳವಡಿಕೆಗಳೂ ತಿದ್ದುವವರಿಲ್ಲದೆ ಹಳತಾದವು. ಆದರೆ ಒಂದು ಉಳಿಯಿತು. ಲೋಕಿಯ ಮುಖ್ಯ ಪ್ರೋಗ್ರಾಮರ್ ಸ್ಯಾಮ್ ಲಾಂಟಿಂಗಾ 1998ರಲ್ಲಿಯೇ ಎಸ್‌ಡಿಎಲ್ ಎಂಬ ಭಂಡಾರವನ್ನು ಬರೆದು ಮೂಲಪಾಠಸಹಿತ ಎಲ್ಲರ ಕೈಗಿತ್ತಿದ್ದರು. ಚಿತ್ರ, ಧ್ವನಿ, ಕೀಲಿಮಣೆ ಇವುಗಳನ್ನು ಯಾವ ಗಣಕದಲ್ಲಿಯಾದರೂ ಒಂದೇ ರೀತಿಯಲ್ಲಿ ನಿಭಾಯಿಸುವುದು ಅದರ ಕೆಲಸ. ವಾಲ್ವ್ ಸಂಸ್ಥೆ 2013ರಲ್ಲಿ ಸ್ಟೀಮ್ ಎಂಬ ತನ್ನ ಆಟದಂಗಡಿಯನ್ನು ಲಿನಕ್ಸಿಗೆ ತಂದಾಗಲೂ, 2022ರಲ್ಲಿ ಲಿನಕ್ಸನ್ನೇ ಹೊಟ್ಟೆಯಲ್ಲಿಟ್ಟುಕೊಂಡ ಕೈಗಣಕವನ್ನು ಮಾರತೊಡಗಿದಾಗಲೂ ಈ ಭಂಡಾರ ಕೆಲಸಕ್ಕೆ ಬಂದಿತು.

ಬ್ಲೆಂಡರಿನ ಕಥೆಗೆ ಮರಳೋಣ. ರೋಸೆಂಡಾಲ್ ಲಾಭಾಪೇಕ್ಷೆಯಿಲ್ಲದ ಬ್ಲೆಂಡರ್ ಪ್ರತಿಷ್ಠಾನವನ್ನು ಕಟ್ಟಿ, ಬಂಡವಾಳಗಾರರ ಮುಂದೆ ಒಂದು ವಿಚಿತ್ರವಾದ ಪ್ರಸ್ತಾವವನ್ನಿಟ್ಟರು. ನಿಮಗೆ ಒಂದು ಲಕ್ಷ ಯೂರೋ ಕೊಡುತ್ತೇವೆ. ಮೂಲಪಾಠವನ್ನು ಲೋಕಕ್ಕೆ ಬಿಟ್ಟುಬಿಡಿ. ಅವರು ಒಪ್ಪಿದರು. ತೊಡಗಿಸಿದ ಹಣದ ಮುಂದೆ ಆ ಮೊತ್ತ ತೀರ ಚಿಕ್ಕದು, ಆದರೆ ಮಾಜಿ ನೌಕರರಿಗೂ ದೂರದೂರದ ಬಳಕೆದಾರರಿಗೂ ಅದು ದೊಡ್ಡದೇ. 2002ರ ಜುಲೈ 18ರಂದು ವಂತಿಗೆಯೆತ್ತಲು ಆರಂಭಿಸಿದರು. ಜನರು ಜಾಲದ ಮೂಲಕ ಚಿಲ್ಲರೆ ಚಿಲ್ಲರೆಯಾಗಿ ಹಣ ಕೂಡಿಸಿ ತಂತ್ರಾಂಶವನ್ನು ಕೊಳ್ಳುವುದೆಂದರೆ ಆಗ ಯಾರೂ ಕಂಡರಿಯದ ಪದ್ಧತಿ. ಏಳು ವಾರಗಳಲ್ಲಿ ಲಕ್ಷ ಯೂರೋ ಕೂಡಿತು! ಅಕ್ಟೋಬರ್ 13ರ ಭಾನುವಾರ ಮೂಲಪಾಠ ಜಿಪಿಎಲ್ ಎಂಬ ಪರವಾನಗಿಯಡಿಯಲ್ಲಿ ಪ್ರಕಟವಾಯಿತು. ಯಾರು ಬೇಕಾದರೂ ನಕಲು ಮಾಡಬಹುದು, ತಿದ್ದಬಹುದು, ಮಾರಲೂಬಹುದು. ತಿದ್ದಿದ್ದನ್ನು ಹಂಚುವವನು ಅದರ ಮೂಲಪಾಠವನ್ನೂ ಅದೇ ನಿಯಮದಡಿ ಕೊಡತಕ್ಕದ್ದು ಎಂಬುದು ಆ ಪರವಾನಗಿಯ ತಿರುಳು.

ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ನಾವು ತರಗತಿಯಲ್ಲಿ ಪಾಠ ಹೇಳುತ್ತೇವೆ. ಆಕೆಯ ಔದಾರ್ಯವನ್ನು ಹೊಗಳಿ ಮುಂದಿನ ಪದ್ಯಕ್ಕೆ ಹೋಗಿಬಿಡುತ್ತೇವೆ. ಪ್ರತಿಯಾಗದ ಗ್ರಂಥ ಅಳಿಯುತ್ತದೆಂಬ ಭಯ ಆ ಔದಾರ್ಯದ ಹಿಂದಿತ್ತೆಂಬುದು ಇಪ್ಪತ್ತು ವರ್ಷ ಪಾಠ ಹೇಳಿದ ಮೇಲೆ, ಈ ಡಚ್ಚರ ಕಥೆಯನ್ನೋದುವಾಗ, ನನಗೆ ಮನದಟ್ಟಾಯಿತು.

ಬಿಡುಗಡೆಯಾದ ಮಾತ್ರಕ್ಕೆ ಎಲ್ಲವೂ ಸುಲಲಿತವಾಯಿತೆಂದು ಹೇಳಲಾರೆ. ಬ್ಲೆಂಡರ್ ಬಹುಕಾಲ ಕಲಿಯುವವರ ಪಾಲಿಗೆ ಕಬ್ಬಿಣದ ಕಡಲೆಯಾಗಿತ್ತು. ಲೋಕದ ಇತರ ತಂತ್ರಾಂಶಗಳೆಲ್ಲ ಮೌಸಿನ ಎಡಗುಂಡಿಯಿಂದ ವಸ್ತುವನ್ನು ಆರಿಸಿದರೆ ಇದಕ್ಕೆ ಬಲಗುಂಡಿಯನ್ನೊತ್ತಬೇಕಾಗಿತ್ತು. ಈ ಹಟ ಬಿಟ್ಟದ್ದು 2019ರಲ್ಲಿ. ಪ್ರತಿಷ್ಠಾನ ಮಾಡಿದ ಜಾಣತನವೆಂದರೆ, ಕಲಾವಿದರನ್ನು ಆಮ್ಸ್ಟರ್‌ಡ್ಯಾಮಿಗೆ ಕರೆಸಿ ಅವರಿಂದ ಕಿರುಚಿತ್ರ ಮಾಡಿಸಿದ್ದು. ಕಲಾವಿದನಿಗೆ ಎಲ್ಲಿ ತೊಡಕಾಯಿತೋ ಅಲ್ಲಿ ತಂತ್ರಾಂಶವನ್ನು ತಿದ್ದುವುದು. 2006ರ 'ಎಲಿಫೆಂಟ್ಸ್ ಡ್ರೀಮ್', 2008ರ 'ಬಿಗ್ ಬಕ್ ಬನ್ನಿ' ಹೀಗೆ ಬಂದವು. ಮೊದಲನೆಯದರ ಕಥೆ ನನಗೆ ಅರ್ಥವಾಗಲಿಲ್ಲ. ಎರಡನೆಯದರ ಮೊಲವನ್ನು ನಮ್ಮ ಮನೆಯ ಮಕ್ಕಳು ಬಿಡಲೊಲ್ಲರು. ಚಿತ್ರದೊಡನೆ ಅದನ್ನು ಮಾಡಿದ ಕಡತಗಳನ್ನೂ ಹಂಚಿದ್ದರಿಂದ, ಕಲಿಯುವವನು ಮೊಲದ ಕಿವಿ ಆಡುವುದು ಹೇಗೆಂದು ಬಿಚ್ಚಿ ನೋಡಬಹುದಾಯಿತು. ಅದೇ ಪಾತ್ರಗಳನ್ನಿಟ್ಟುಕೊಂಡು 2008ರಲ್ಲಿ 'ಯೋ ಫ್ರಾಂಕಿ' ಎಂಬ ಆಟವೂ ಬಂದಿತು.

ಜಿಂಪ್ ಎಂಬ ಚಿತ್ರತಿದ್ದುಗೆಯ ತಂತ್ರಾಂಶದ ಹಾದಿ ಇದಕ್ಕಿಂತ ನಿಧಾನದ್ದು. 1995ರಲ್ಲಿ ಬರ್ಕ್ಲಿಯ ವಿದ್ಯಾರ್ಥಿಗಳಾದ ಸ್ಪೆನ್ಸರ್ ಕಿಂಬಾಲ್, ಪೀಟರ್ ಮ್ಯಾಟಿಸ್ ಅದನ್ನು ಆರಂಭಿಸಿದರು. ಲಿನಕ್ಸಿನ ಲಾಂಛನವಾದ ಹೊಟ್ಟೆಬಾಕ ಪೆಂಗ್ವಿನ್ನನ್ನು ಲ್ಯಾರಿ ಎವಿಂಗ್ 1996ರಲ್ಲಿ ಬರೆದದ್ದು ಅದರಲ್ಲಿಯೇ. ಓದು ಮುಗಿದು ಹುಡುಗರಿಬ್ಬರೂ ತಮ್ಮ ದಾರಿ ಹಿಡಿದರೂ ಮೂಲಪಾಠ ಊರಿನ ಸೊತ್ತಾಗಿದ್ದರಿಂದ ಬೇರೆಯವರು ಮುಂದುವರಿಸಿದರು. ಆದರೆ 2004ರಲ್ಲಿ ಎರಡನೆಯ ಆವೃತ್ತಿ ಬಂದರೆ ಮೂರನೆಯದು ಬಂದದ್ದು 2025ರಲ್ಲಿ. ಸಂಬಳವಿಲ್ಲದ ಸಂಜೆಗಳಲ್ಲಿ ನಡೆಯುವ ಕೆಲಸದ ವೇಗ ಇಷ್ಟೇ. ಬ್ಲೆಂಡರ್ ಪ್ರತಿಷ್ಠಾನಕ್ಕೆ 2019ರಲ್ಲಿ ಎಪಿಕ್ ಗೇಮ್ಸ್ ಸಂಸ್ಥೆ 12 ಲಕ್ಷ ಡಾಲರುಗಳ ನೆರವನ್ನು ಘೋಷಿಸಿತು. ಒಂದಕ್ಕೆ ಸಂಬಳ ಪಡೆಯುವ ಕೆಲಸಗಾರರಿದ್ದರು, ಇನ್ನೊಂದಕ್ಕೆ ಬಹುಮಟ್ಟಿಗೆ ಪ್ರೀತಿಯೊಂದೇ ಇತ್ತು. ಅಂತರವನ್ನು ಬಳಸಿದವರು ಬಲ್ಲರು.

ಜಿಂಪಿನಿಂದ ಕನ್ನಡಕ್ಕಾದ ಒಂದು ಉಪಕಾರವನ್ನು ನೆನೆಯದಿರುವುದು ತಪ್ಪು. ಅದರ ಗುಂಡಿ, ಪಟ್ಟಿ, ಕಿಟಕಿಗಳಿಗಾಗಿ ಮ್ಯಾಟಿಸ್ ಮೊದಲಾದವರು ಬರೆದ ಜಿಟಿಕೆ ಎಂಬ ಭಂಡಾರ ಲಿನಕ್ಸ್ ಮೇಜಿನ ಅಡಿಗಲ್ಲುಗಳಲ್ಲಿ ಒಂದಾಯಿತು. ಅದರ ಎರಡನೆಯ ಆವೃತ್ತಿ 2002ರ ಮಾರ್ಚಿಯಲ್ಲಿ, ಅದೇ 2002ರಲ್ಲಿ, ಬಂದಿತು. ಜಗತ್ತಿನ ಎಲ್ಲ ಲಿಪಿಗಳನ್ನೂ ಸರಿಯಾಗಿ ಮೂಡಿಸಬೇಕೆಂಬ ಹಟದ ಪ್ಯಾಂಗೋ ಎಂಬ ಭಂಡಾರ ಅದರೊಳಗಿತ್ತು. ನಮ್ಮಲ್ಲಿ ಪುಸ್ತಕದ ಮುಖಪುಟ ಮಾಡುವವರು ಬೇರೆ ತಂತ್ರಾಂಶಗಳಲ್ಲಿ ಯೂನಿಕೋಡ್ ಒತ್ತಕ್ಷರಗಳು ಚೂರುಚೂರಾಗುವುದನ್ನು ಕಂಡು ಹಳೆಯ ಫಾಂಟುಗಳಿಗೇ ಜೋತುಬಿದ್ದಿದ್ದ ಕಾಲದಲ್ಲಿ, ಯಾರೂ ಬಿಡಿಗಾಸು ಕೊಡದ ಈ ತಂತ್ರಾಂಶಗಳಲ್ಲಿ ನಮ್ಮ ಅಕ್ಷರಗಳು ಕ್ರಮಕ್ರಮವಾಗಿ ನೆಟ್ಟಗಾದವು.

ಈ ಸಲದ ಕಾಲೇಜು ಸಂಚಿಕೆಯ ಮುಖಪುಟವನ್ನು ಅದೇ ವಿದ್ಯಾರ್ಥಿ ಜಿಂಪಿನಲ್ಲಿ ಮಾಡಿದ. 'ಜ್ಯೋತ್ಸ್ನಾ' ಎಂಬುದು ಸಂಚಿಕೆಯ ಹೆಸರು. ತಕಾರದ ಕೆಳಗೆ ಸಕಾರವೂ ನಕಾರವೂ ಕೂತ ಆ ಅಕ್ಷರ ಒಡೆದೀತೆಂದು ಕರಡನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದೆ. ಒಡೆದಿರಲಿಲ್ಲ. ಸಂಪಾದಕರ ಹೆಸರಿನಲ್ಲಿ ಮಾತ್ರ ಒಂದು ದೀರ್ಘ ಬಿಟ್ಟುಹೋಗಿತ್ತು. ಅದು ಹುಡುಗನ ತಪ್ಪು, ತಿದ್ದಿಸಿದೆ.