ದಂಡಿನ ಗಿಟಾರು, ಕೇಳದೆ ಉಳಿದ ಎರಡು ಆಲ್ಬಮ್‌ಗಳು

ಶಿವಾಜಿನಗರದ ಬಸ್ ನಿಲ್ದಾಣದ ಬಳಿ ರಾತ್ರಿ ಆಟೊ ಹಿಡಿದವರಿಗೆ ‘ಮೀಟರ್ ಮೇಲೆ ಒಂದೂವರೆ’ ಎಂಬ ಮಾತು ಹೊಸದಲ್ಲ. ರಾತ್ರಿ 10ರ ನಂತರ ಒಂದೂವರೆ ಪಟ್ಟು ದರ ಕೊಡುವುದು ನಿಯಮ. ಆದರೆ ಎಂಟು ಗಂಟೆಗೇ ಈ ಮಾತು ಬಂದರೆ ಜಗಳ ಖಂಡಿತ. ಉರ್ದು, ತಮಿಳು, ಕನ್ನಡ, ಇಂಗ್ಲಿಷ್ ನಾಲ್ಕೂ ಆ ಜಗಳದಲ್ಲಿ ಬೆರೆಯುತ್ತವೆ. ಇದೇ ಮಾತು ಒಂದು ರಾಕ್ ಹಾಡಿನ ಶೀರ್ಷಿಕೆಯೂ ಆಗಿದೆ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಬ್ರಿಟಿಷ್ ಸೇನೆಗಾಗಿ ಬೆಳೆದ ದಂಡು ಪ್ರದೇಶವೂ ಹಳೆಯ ಬೆಂಗಳೂರೂ 1949ರಲ್ಲಿ ಒಂದೇ ನಗರಪಾಲಿಕೆಗೆ ಸೇರಿದವು. ಆಡಳಿತ ಒಂದಾಯಿತು, ಕಿವಿಗಳು ಒಂದಾಗಲಿಲ್ಲ. ಆಚೆ ರಾಮೋತ್ಸವದ ಕಛೇರಿಗಳು. ಈಚೆ ಚರ್ಚ್ ಗಾಯನ, ಕವ್ವಾಲಿ, ಕ್ಲಬ್ಬುಗಳ ಬ್ಯಾಂಡ್. ಎಪ್ಪತ್ತರ ದಶಕದ ರಾಕ್ ತಂಡಗಳು ಬಹುಮಟ್ಟಿಗೆ ಇಂಗ್ಲೆಂಡ್, ಅಮೆರಿಕದ ಹಾಡುಗಳನ್ನೇ ನುಡಿಸುತ್ತಿದ್ದವು.

1996ರಲ್ಲಿ ಆರಂಭವಾದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ತಂಡ ಸ್ವಂತ ಹಾಡುಗಳಿಂದಲೇ ಹೆಸರು ಮಾಡಿತು. 2012ರಲ್ಲಿ ಅದು ಮೂರು ಸಿಡಿಗಳ ‘ಥ್ರೀ ವೀಲ್ಸ್ ನೈನ್ ಲೈವ್ಸ್’ ಹೊರತಂದಿತು. ಆಟೊರಿಕ್ಷಾವನ್ನು ಮುಂದಿಟ್ಟುಕೊಂಡು ಬದಲಾಗುತ್ತಿದ್ದ ಬೆಂಗಳೂರನ್ನು ಹಾಡಿದ ಆಲ್ಬಮ್ ಅದು. ‘ಮೀಟರ್ ಮೇಲೆ ಒನ್ ಅಂಡ್ ಎ ಹಾಫ್’ ಹಾಡು ಅದರಲ್ಲೇ ಇದೆ. ಆದರೆ ಸಿಡಿ ಅಂಗಡಿಗಳು ಮುಚ್ಚುತ್ತಿದ್ದ, ಮೊಬೈಲಿನಲ್ಲಿ ಬಿಡಿ ಹಾಡು ಕೇಳುವ ಅಭ್ಯಾಸ ಬೆಳೆಯುತ್ತಿದ್ದ ಕಾಲದಲ್ಲಿ ಮೂರು ಸಿಡಿಗಳನ್ನು ಕುಳಿತು ಕೇಳುವ ತಾಳ್ಮೆ ಯಾರಿಗಿತ್ತು? ಇನ್ನೊಂದು ಕೊರತೆಯೂ ಇತ್ತು: ಹಾಡುಗಳ ಭಾಷೆ ಇಂಗ್ಲಿಷ್. ಆಟೊ ಚಾಲಕನ ಮಾತು ಶೀರ್ಷಿಕೆಗೇರಿತು. ಹಾಡು ಆತನ ಆಟೊದವರೆಗೆ ತಲುಪಲಿಲ್ಲ.

ಭಾಷೆಯ ಈ ಗೋಡೆಯನ್ನು ಮತ್ತೊಂದು ದಿಕ್ಕಿನಿಂದ ದಾಟಿದವರು ಮೈಸೂರಿನಲ್ಲಿ ಬೆಳೆದು ಬೆಂಗಳೂರಿನಲ್ಲಿ ತಂಡ ಕಟ್ಟಿದ ರಘು ದೀಕ್ಷಿತ್. ಅವರ 2008ರ ಮೊದಲ ಆಲ್ಬಮ್‌ನಲ್ಲಿ ಶಿಶುನಾಳ ಶರೀಫರ (1819-1889) ತತ್ವಪದಗಳಿದ್ದವು. ಅದು ಭಾರಿ ಜನಪ್ರಿಯವಾಯಿತು. 2013ರ ‘ಜಗ್ ಚಂಗಾ’ದಲ್ಲಿಯೂ ಶರೀಫರಿದ್ದಾರೆ: ‘ಲೋಕದ ಕಾಳಜಿ’, ‘ಕೋಡಗನ ಕೋಳಿ ನುಂಗಿತ್ತಾ’. ಮೊದಲನೆಯದರ ಸದ್ದಿನಲ್ಲಿ ಈ ಎರಡನೆಯದು ಹಿಂದೆ ಸರಿಯಿತು. ‘ಶರೀಫರಿಗೆ ಗಿಟಾರು ಸಲ್ಲದು’ ಎನ್ನುವವರೂ ಇದ್ದಾರೆ. ಆದರೆ ತಂಬೂರಿಯೊಂದಿಗೆ ಹಳ್ಳಿ ಹಳ್ಳಿ ಸುತ್ತಿದ ಈ ಪದಗಳಿಗೆ ಸಿ. ಅಶ್ವತ್ಥ್ ಸುಗಮ ಸಂಗೀತದ ವಾದ್ಯಗಳನ್ನು ಜೋಡಿಸಿದಾಗ ನಾವು ಒಪ್ಪಿಕೊಂಡೆವಲ್ಲವೇ? ಗೋವಿಂದ ಭಟ್ಟರನ್ನು ಗುರುವಾಗಿ ಸ್ವೀಕರಿಸಿದ ಶರೀಫರು ತಮ್ಮ ಬದುಕಿನಲ್ಲೇ ಗಡಿ ದಾಟಿದವರು. ಅವರ ಪದಗಳಿಗೆ ನಾವೇಕೆ ಬೇಲಿ ಹಾಕಬೇಕು?

ಇಂಗ್ಲಿಷ್ ರಾಕ್ ‘ಅವರದು’, ತತ್ವಪದ ‘ನಮ್ಮದು’ ಎಂಬ ವಿಂಗಡಣೆಯಿಂದ ನಷ್ಟವಾದದ್ದು ಕೇಳುಗರಿಗೇ. ದಂಡಿನವರು ಶರೀಫರನ್ನೂ, ಪೇಟೆಯವರು ಆಟೊ ಹಾಡನ್ನೂ ಒಮ್ಮೆ ಕೇಳಲಿ. ರುಚಿಸದಿದ್ದರೆ ಬಿಡಬಹುದು; ಕೇಳದೆಯೇ ಬಿಡುವುದು ಬೇಡ.