ಎರಡು ಕುರ್ಚಿಗಳ ಲೆಕ್ಕಾಚಾರ

1964ರ ಆಗಸ್ಟ್ 22. ಅಟ್ಲಾಂಟಿಕ್ ಸಿಟಿಯಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಿತಿಯೊಂದರ ಮುಂದೆ ಫ್ಯಾನಿ ಲೂ ಹೇಮರ್ ಎಂಬ ಕಪ್ಪು ಮಹಿಳೆ ತನ್ನ ಕಥೆ ಹೇಳಿದರು. ಮಿಸಿಸಿಪಿಯ ಹತ್ತಿ ತೋಟವೊಂದರಲ್ಲಿ ದುಡಿಯುತ್ತಿದ್ದ ಅವರು 1962ರಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದರು. ಅಂದೇ ಕೆಲಸವೂ ಹೋಯಿತು, ಇದ್ದ ಮನೆಯೂ ಹೋಯಿತು. ಮರುವರ್ಷ ವಿನೋನಾ ಜೈಲಿನಲ್ಲಿ ಅವರನ್ನು ಬಡಿಯಲಾಯಿತು.

ಮಿಸಿಸಿಪಿಯ ಅಧಿಕೃತ ನಿಯೋಗದಲ್ಲಿದ್ದವರೆಲ್ಲ ಬಿಳಿಯರೇ. ಅದರ ಬದಲು ತಮ್ಮ ಫ್ರೀಡಂ ಡೆಮಾಕ್ರಟಿಕ್ ಪಾರ್ಟಿಗೆ ಸ್ಥಾನ ಕೊಡಿ ಎಂಬುದು ಹೇಮರ್ ಬಳಗದ ಬೇಡಿಕೆ.

ಅಧ್ಯಕ್ಷ ಲಿಂಡನ್ ಜಾನ್ಸನ್ ಅದೇ ಜುಲೈನಲ್ಲಿ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದ್ದವರು. ಆದರೂ ದಕ್ಷಿಣದ ಬಿಳಿಯರ ಮತ ಕೈತಪ್ಪೀತೆಂಬ ಅಳುಕು. ಹೇಮರ್ ಮಾತಾಡುತ್ತಿದ್ದಾಗಲೇ ಪತ್ರಕರ್ತರನ್ನು ಕರೆದು ಟಿವಿ ಕ್ಯಾಮೆರಾಗಳನ್ನು ತಮ್ಮತ್ತ ತಿರುಗಿಸಿಕೊಂಡರು. ಸಂಜೆ ವಾಹಿನಿಗಳು ಹೇಮರ್ ಮಾತನ್ನೇ ಬಿತ್ತರಿಸಿದವು. ಕೊನೆಗೆ ಪಕ್ಷ ಕೊಡಹೊರಟಿದ್ದು ಎರಡೇ ಸ್ಥಾನ. ಅವುಗಳಲ್ಲಿ ಕೂರುವವರನ್ನು ಆರಿಸಿದ್ದೂ ಪಕ್ಷವೇ. 68 ಪ್ರತಿನಿಧಿಗಳ ನಿಯೋಗ ಒಲ್ಲೆನೆಂದಿತು. ಅತ್ತ ಬಿಳಿಯರ ನಿಯೋಗದ ಬಹುತೇಕರೂ ಮುನಿದು ಹೊರನಡೆದರು.

ನವೆಂಬರ್‌ನಲ್ಲಿ ಜಾನ್ಸನ್ ದೇಶ ಗೆದ್ದರು. ಆದರೆ ಯಾರ ಮುನಿಸಿಗೆ ಹೆದರಿದ್ದರೋ ಆ ಮಿಸಿಸಿಪಿ ಶೇ. 87ರಷ್ಟು ಮತವನ್ನು ರಿಪಬ್ಲಿಕನ್ ಗೋಲ್ಡ್‌ವಾಟರ್‌ಗೆ ಕೊಟ್ಟಿತು.

1965ರಲ್ಲಿ ಮತದಾನ ಹಕ್ಕುಗಳ ಕಾಯ್ದೆ ಬಂತು. 1968ರ ಷಿಕಾಗೋ ಅಧಿವೇಶನದಲ್ಲಿ ಹೇಮರ್ ಪ್ರತಿನಿಧಿಯಾಗಿ ಕುಳಿತರು. 2013ರಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯ ಮುಖ್ಯ ರಕ್ಷಣೆಯೊಂದನ್ನು ನಿಷ್ಕ್ರಿಯಗೊಳಿಸಿತು.

ಮೊದಲು ಗೆಲ್ಲೋಣ, ನ್ಯಾಯ ಆಮೇಲೆ ನೋಡೋಣ ಎಂಬುದು ಉದಾರವಾದಿಗಳ ಹಳೆಯ ಜಾಣತನ. ಅಟ್ಲಾಂಟಿಕ್ ಸಿಟಿಯಲ್ಲಿ ಅದು ನ್ಯಾಯವನ್ನೂ ಉಳಿಸಲಿಲ್ಲ, ಮಿಸಿಸಿಪಿಯನ್ನೂ ಉಳಿಸಲಿಲ್ಲ.